ಮೀಸಲು ಬಳ್ಳಿ

"ಗುರುಗಳೇ, ಹಠಕ್ಕೂ ಛಲಕ್ಕೂ ಇರುವ ವ್ಯತ್ಯಾಸವೇನು?"

ಕೇಳಿದವನು ಮಠಕ್ಕೆ ಬರುವವರನ್ನು ನೋಡಿಕೊಳ್ಳುವ ಶಿಷ್ಯ. ಬಂದವರಿಗೆ ನೀರು ಕೊಡುವುದು, ಉಳಿಯುವ ಜಾಗ ತೋರಿಸುವುದು, ಗುರುಗಳು ಯಾವಾಗ ಸಿಗುತ್ತಾರೆಂದು ತಿಳಿಸುವುದು ಅವನ ಕೆಲಸ. ನಾಲ್ಕು ವರ್ಷದ ಹಿಂದೆ ಅವನು ಒಂದು ನೇಮ ಹಿಡಿದಿದ್ದ. ಸೂರ್ಯ ನೆತ್ತಿಗೆ ಬರುವವರೆಗೆ ಯಾರೊಡನೆಯೂ ಮಾತಾಡುವುದಿಲ್ಲ. ಒಂದು ದಿನವೂ ನೇಮ ತಪ್ಪಿರಲಿಲ್ಲ. ಜ್ವರದಲ್ಲಿ ಮಲಗಿದ್ದಾಗಲೂ ತಪ್ಪಿರಲಿಲ್ಲ. ಮಠದ ಅಡುಗೆಯವರು ಇದನ್ನು ಹಠ ಎಂದರು. ಅವನು ಛಲ ಎಂದ. ಮಾತಿಗೆ ಮಾತು ಬೆಳೆದು, ಕೊನೆಗೆ ಗುರುಗಳೇ ಹೇಳಲಿ ಎಂದು ಇಬ್ಬರೂ ಒಪ್ಪಿದರು.

ಗುರುಗಳಿಗೆ ವ್ಯಾಖ್ಯಾನ ಎಂದರೆ ಆಗುತ್ತಿರಲಿಲ್ಲ. "ಅರ್ಥ ಬೇಕಾದರೆ ನಿಘಂಟು ನೋಡು. ಕತೆ ಬೇಕಾದರೆ ಕೂತುಕೋ" ಎಂದರು. ಶಿಷ್ಯ ಕೂತ. ಗುರುಗಳು ಹೇಳಿದ ಕತೆ ಇದು.

ಒಂದು ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಹೋಗಿ ಅಲ್ಲಿಯವರನ್ನು ಪ್ರಶ್ನೆ ಕೇಳಿ ಸತಾಯಿಸುತ್ತೀರಿ. ಊರಿನ ಕೆರೆಯ ಕೆಳಗೆ ತರಕಾರಿಗೆಂದೇ ಬಿಟ್ಟ ನೆಲ ಇತ್ತು. ಅದು ಯಾರೊಬ್ಬರದೂ ಅಲ್ಲ, ಊರಿನದು. ಮನೆಗೊಂದು ಪಟ್ಟಿಯಂತೆ ಹಂಚಿಕೊಂಡಿದ್ದರು. ಮುಂಗಾರಿಗೆ ಹೀರೆ, ಬೆಂಡೆ, ಬದನೆ. ಚಳಿಗಾಲಕ್ಕೆ ಅವರೆ, ಮೂಲಂಗಿ, ಸೊಪ್ಪು. ಬೇಸಿಗೆಯಲ್ಲಿ ತೂಬಿನಿಂದ ಎಷ್ಟು ನೀರು ಬರುತ್ತದೋ ಅಷ್ಟಕ್ಕೆ ಸೌತೆ, ಕುಂಬಳ. ಪಟ್ಟಿಗೂ ಪಟ್ಟಿಗೂ ನಡುವೆ ಬೇಲಿ ಇರಲಿಲ್ಲ, ಒಂದು ಬದು ಇತ್ತು ಅಷ್ಟೆ. ಒಬ್ಬರ ಬಳ್ಳಿ ಇನ್ನೊಬ್ಬರ ಚಪ್ಪರಕ್ಕೆ ಹಬ್ಬಿದರೆ ಕಾಯಿ ಯಾರದು ಎಂದು ಜಗಳ ಆಗುತ್ತಿತ್ತು. ಜಗಳವಿಲ್ಲದ ಊರು ಎಂದು ನಾನೇನೂ ಹೇಳಲಿಲ್ಲ.

ಬೀಜದ ವಿಷಯಕ್ಕೆ ಮಾತ್ರ ಜಗಳ ಇರಲಿಲ್ಲ. ಒಂದೊಂದು ತರಕಾರಿಯ ಬೀಜವನ್ನು ಒಂದೊಂದು ಮನೆ ಕಾಯಬೇಕು. ಬದನೆ ಬೀಜ ಒಂದು ಮನೆಗೆ, ಅವರೆ ಬೀಜ ಇನ್ನೊಂದು ಮನೆಗೆ. ಹೀರೆ ಬೀಜ ಕಾಯುವ ಮನೆಗೆ ಹೀರೆಮನೆ ಎಂದೇ ಹೆಸರು ಬಿದ್ದಿತ್ತು. ಆ ಮನೆಯ ಸೊಸೆಯೇ ನಮ್ಮ ಕತೆಯವಳು.

ಹೀರೆಮನೆಯ ಪದ್ಧತಿ ಹೀಗೆ. ಚಪ್ಪರದಲ್ಲಿ ಎಲ್ಲಕ್ಕಿಂತ ಸೊಂಪಾಗಿ ಹಬ್ಬಿ, ಎಲ್ಲಕ್ಕಿಂತ ಮೊದಲು ಕಾಯಿ ಕಚ್ಚಿದ ಬಳ್ಳಿಯನ್ನು ಆರಿಸಿ ಅದರ ಬುಡಕ್ಕೆ ಅರಿಶಿನದ ದಾರ ಕಟ್ಟಬೇಕು. ಅಂದಿನಿಂದ ಅದು ಮೀಸಲು. ಅದರಿಂದ ಒಂದು ಎಳೆಗಾಯಿಯನ್ನೂ ಕೀಳುವಂತಿಲ್ಲ, ಬಾಯಿಗೆ ಹಾಕುವಂತಿಲ್ಲ. ದೇವರಿಗೆ ತೆಗೆದಿಟ್ಟದ್ದನ್ನು ಯಾರಾದರೂ ರುಚಿ ನೋಡುತ್ತಾರೆಯೇ? ಹಾಗೆ. ಕಾಯಿ ಬಳ್ಳಿಯಲ್ಲೇ ಬಲಿತು, ಅಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಕಿಯ ಹಾಗೆ ಸದ್ದು ಮಾಡಬೇಕು. ಆಮೇಲೆ ಇಳಿಸಿ ಒಲೆಯ ಮೇಲಿನ ಹೊಗೆಗೆ ತೂಗುಹಾಕುವುದು. ರೋಹಿಣಿ ಮಳೆಯ ಹೊತ್ತಿಗೆ ಊರವರು ಎಲೆ ಅಡಿಕೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಅವಳು ಒಣಕಾಯಿಯ ತುದಿ ಮುರಿದು ಅವರವರ ಮೊರಕ್ಕೆ ಬೀಜ ಸುರಿಯುತ್ತಿದ್ದಳು.

ಅತ್ತೆ ಸಾಯುವ ಮುಂಚೆ ಸೊಸೆಯ ಕೈಗೆ ಒಂದು ಒಣಕಾಯಿ ಕೊಟ್ಟಿದ್ದಳು. ಎಂದಿಗೂ ಮೀಸಲನ್ನು ಎಂಜಲು ಮಾಡುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದಳು. ಸೊಸೆ ಮಾತು ಕೊಟ್ಟಳು. ಅವಳು ಮಾತು ಕೊಟ್ಟರೆ ಮುಗಿಯಿತು, ಪ್ರಾಣ ಹೋದರೂ ಅದನ್ನು ಮುರಿಯುವವಳಲ್ಲ. ಊರವರೂ ಅದಕ್ಕೇ ಅವಳನ್ನು ಮೆಚ್ಚಿದ್ದರು. ನೀವಾದರೂ ಮೆಚ್ಚುತ್ತಿದ್ದಿರಿ.

ಒಂದು ವರ್ಷ ಅವಳ ಚಪ್ಪರದಲ್ಲಿ ಒಂದು ಬಳ್ಳಿ ಎದ್ದಿತು. ಅಂಥ ಬಳ್ಳಿಯನ್ನು ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ. ಕಾಯಿ ಮೊಳದುದ್ದ. ಹುಳ ಬೀಳಲಿಲ್ಲ. ಅಳಿಲು ಹತ್ತಿರ ಸುಳಿಯಲಿಲ್ಲ. ಕೋತಿಗಳ ಹಿಂಡು ಬಂದು ಅಕ್ಕಪಕ್ಕದ ಬಳ್ಳಿಗಳನ್ನೆಲ್ಲ ಹರಿದುಹಾಕಿತು, ಇದನ್ನು ಮಾತ್ರ ಬಿಟ್ಟು ಹೋಯಿತು. ಕೋತಿಗೂ ಮೀಸಲು ಎಂದರೆ ಭಯವಿದೆ ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಳು. ಊರು ಹೌದೆಂದು ತಲೆದೂಗಿತು. ನಿಜ ಏನೆಂದರೆ ಕೋತಿ ಒಂದು ಕಾಯಿಯನ್ನು ಕಚ್ಚಿ ನೋಡಿ ಉಗಿದಿತ್ತು. ಅದು ಕಚ್ಚಿದ ಕಾಯಿ ಬುಡದಲ್ಲೇ ಬಿದ್ದಿತ್ತು. ಎಂಜಲಾಯಿತಲ್ಲ ಎಂದು ಅವಳು ಅದನ್ನು ತಿಪ್ಪೆಗೆ ಎಸೆದಳು.

ಮುಂದಿನ ಮುಂಗಾರಿಗೆ ಆ ಬಳ್ಳಿಯ ಬೀಜ ಊರಿನ ಪಟ್ಟಿಗಳಿಗೆಲ್ಲ ಹೋಯಿತು. ಮಳೆ ಚೆನ್ನಾಗಿ ಬಂತು. ಚಪ್ಪರ ತುಂಬ ಕಾಯಿ. ಮೊದಲು ದೂರು ತಂದವಳು ಪಕ್ಕದ ಪಟ್ಟಿಯವಳು. ಕಾಯಿ ಕಹಿ ಎಂದಳು. ಹಾಗಲದ ಕಹಿ ಅಲ್ಲ, ಅದನ್ನಾದರೆ ಇಷ್ಟಪಟ್ಟು ತಿನ್ನುತ್ತೇವೆ. ಇದು ನಾಲಗೆಗೆ ತಾಕಿದ ಕೂಡಲೆ ಉಗಿಯಬೇಕಾದ ಕಹಿ. ಹೀರೆಮನೆಯವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ನಿನ್ನ ಪಟ್ಟಿಯ ನೆಲ ಕೆಟ್ಟಿದೆ, ಅದು ಹಟ್ಟಿಗೊಬ್ಬರ ಕಂಡು ಎಷ್ಟು ವರ್ಷವಾಯಿತು ಎಂದು ಕೇಳಿ ಕಳಿಸಿದಳು. ಎರಡನೆಯವರು ಬಂದಾಗ ತೂಬಿನ ನೀರಿನ ದೋಷ ಎಂದಳು. ಮೂರನೆಯವರಿಗೆ ಬಿಸಿಲು ಜಾಸ್ತಿಯಾದರೆ ಹಾಗೆಯೇ ಎಂದಳು. ನಾಲ್ಕನೆಯವಳಿಗೆ ನಿನಗೆ ಅಡುಗೆ ಬರುವುದಿಲ್ಲ ಎಂದಳು. ಆಮೇಲೆ ಯಾರೂ ಬರಲಿಲ್ಲ.

ಅವಳ ಪಟ್ಟಿಯಲ್ಲೂ ಅದೇ ಬೀಜ, ಅದೇ ಕಾಯಿ. ಅವಳು ಹುಣಸೆಹುಳಿ ಹಿಂಡಿ, ಬೆಲ್ಲ ಹಾಕಿ, ಖಾರ ಮುಂದೆ ಮಾಡಿ ಹುಳಿ ಕಾಯಿಸಿದಳು. ಗಂಡನಿಗೆ ಬಡಿಸಿದಳು. ತನಗೆ ಬಾಯಿಹುಣ್ಣಾಗಿದೆ, ಖಾರ ಆಗುವುದಿಲ್ಲ ಎಂದು ಹೇಳಿ ತಾನು ಮುದ್ದೆ ಮಜ್ಜಿಗೆ ಉಂಡಳು. ಕಹಿಯಿಲ್ಲ ಎನ್ನುವವಳು ಅವಳು, ಉಣ್ಣುವವನು ಅವನು. ದಿನವೂ ಹೀಗೇ ನಡೆಯಿತು.

ಗಂಡ ಬಾಯಿಲ್ಲದ ಮನುಷ್ಯ. ಬಡಿಸಿದ್ದನ್ನು ಉಂಡ. ಒಂದು ಮಧ್ಯಾಹ್ನ ಉಂಡದ್ದನ್ನೆಲ್ಲ ಹಿತ್ತಿಲಲ್ಲಿ ಕಾರಿಕೊಂಡ. ಮುಖ ತೊಳೆದುಕೊಂಡು ಒಳಗೆ ಬಂದು ಗೋಡೆಗೊರಗಿ ಕೂತ. ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಬಿಸಿಲಿಗೆ ಪಿತ್ತ ಕೆದರಿರಬೇಕು ಎಂದಳು ಅವಳು. ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ.

"ಬಳ್ಳಿ ಕಹಿಯಿಲ್ಲ ಅಂತ ನೀನಂದೆ, ನಾನು ಒಪ್ಕಂಡೆ. ಹೊಟ್ಟೆ ಒಪ್ತಾ ಇಲ್ಲ ಕಣೆ, ಏನ್ ಮಾಡ್ಲಿ."

ಮದುವೆಯಾದ ಮೇಲೆ ಅವನು ಅವಳಿಗೆ ಎದುರಾಡಿದ್ದು ಅದೇ ಮೊದಲು. ಅದೂ ಕೋಪದಿಂದ ಆಡಿದ ಮಾತಲ್ಲ. ಕೋಪದಿಂದ ಆಡಿದ್ದರೆ ಅವಳು ಎರಡು ಪಟ್ಟು ಜಗಳ ಮಾಡಿ ಗೆದ್ದುಬಿಡುತ್ತಿದ್ದಳು. ಈಗ ಅವನಿಗೆ ಮಜ್ಜಿಗೆ ಕೊಟ್ಟು, ಚಾಪೆ ಹಾಸಿ ಮಲಗಿಸಿ, ತೋಟಕ್ಕೆ ಹೋದಳು.

ಆ ವರ್ಷದ ಮೀಸಲು ಬಳ್ಳಿಗೆ ಆಗಲೇ ದಾರ ಕಟ್ಟಿ ಆಗಿತ್ತು. ಅದರ ಮುಂದೆ ನಿಂತಳು. ಕಚ್ಚಿದರೆ ಅತ್ತೆಗೆ ಕೊಟ್ಟ ಮಾತು ಹೋಗುತ್ತದೆ. ಕಚ್ಚದಿದ್ದರೆ ಅತ್ತೆ ಕೊಟ್ಟ ಬೀಜ ಹೋಗುತ್ತದೆ. ಎರಡನ್ನೂ ಉಳಿಸಿಕೊಳ್ಳುವ ದಾರಿ ಇದೆಯೇ ಎಂದು ಬಹಳ ಹೊತ್ತು ಯೋಚಿಸಿದಳು. ಇರಲಿಲ್ಲ. ಅವಳಿಗೆ ಅಳು ಬಂತು, ಅತ್ತಳು. ಅತ್ತು ಮುಗಿದ ಮೇಲೆ ಒಂದು ಎಳೆಗಾಯಿ ಕಿತ್ತು ಕಚ್ಚಿದಳು.

ಕೂಡಲೆ ಉಗಿಯಲಿಲ್ಲ, ಅಗಿದಳು. ಗಂಡ ಇಷ್ಟು ದಿನ ಏನನ್ನು ಉಂಡ ಎಂದು ಅವಳಿಗೆ ತಿಳಿಯಬೇಕಾಗಿತ್ತು. ಆಮೇಲೆ ಉಗಿದು, ದಾರ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕಿದಳು. ಅವಳ ಪಟ್ಟಿಯಲ್ಲಿ ಅದಕ್ಕಿಂತ ಚೆಂದದ ಬಳ್ಳಿ ಇನ್ನೊಂದಿರಲಿಲ್ಲ.

ಅಲ್ಲಿಗೇ ನಿಲ್ಲಲಿಲ್ಲ. ತನ್ನ ಚಪ್ಪರದ ಬಳ್ಳಿಗಳನ್ನೆಲ್ಲ ಒಂದೊಂದಾಗಿ ಕಚ್ಚಿ ನೋಡಿದಳು. ಎಲ್ಲವೂ ಕಹಿ, ಎಲ್ಲವನ್ನೂ ಕಿತ್ತಳು. ಮರುದಿನದಿಂದ ಊರಿನ ಪಟ್ಟಿಗಳಿಗೆ ಇಳಿದಳು. ಬಳ್ಳಿಗೊಂದು ಎಳೆಗಾಯಿ ಕೀಳುವುದು, ಕಚ್ಚುವುದು, ಉಗಿಯುವುದು, ಬಾಯಿ ಮುಕ್ಕಳಿಸಿ ಮುಂದಿನ ಬಳ್ಳಿಗೆ ಹೋಗುವುದು. ತುಟಿ ಊದಿತು. ಅನ್ನ ಸೇರಲಿಲ್ಲ. ಕುಡಿಯುವ ನೀರೂ ಕಹಿಯಾಯಿತು. ಹೀರೆಮನೆಯವಳಿಗೆ ತಲೆ ಕೆಟ್ಟಿದೆ ಎಂದರು ಊರವರು. ನಾಳೆ ಬಿಟ್ಟುಬಿಡುತ್ತಾಳೆ ಎಂದರು. ನಾಳೆಯೂ ಬಂದಳು, ನಾಡಿದ್ದೂ ಬಂದಳು.

ತೋಟದ ಅಂಚಿನ ಕಳ್ಳಿಬೇಲಿಯಲ್ಲಿ ಯಾರೂ ನೆಡದ ಒಂದು ಕಾಡುಹೀರೆ ಹಬ್ಬಿತ್ತು. ಅದನ್ನೂ ಕಚ್ಚಿ ನೋಡಿದಳು. ಅದೇ ಕಹಿ. ಅಷ್ಟು ಹೊತ್ತಿಗೆ ಸಂಜೆಯಾಗಿ ಹೀರೆಹೂ ಅರಳುತ್ತಿತ್ತು. ದುಂಬಿಯೊಂದು ಬೇಲಿಯ ಹೂವಿನಿಂದ ಎದ್ದು ನೇರವಾಗಿ ಚಪ್ಪರದ ಹೂವಿಗೆ ಬಂದು ಕೂತಿತು. ಅವಳು ನೋಡುತ್ತ ನಿಂತಳು. ಕಹಿ ಎಲ್ಲಿಂದ ಬಂತೆಂದು ಈಗ ಗೊತ್ತಾಯಿತು. ದುಂಬಿಯನ್ನು ಬೈಯಬಹುದಿತ್ತು. ಆದರೆ ಆ ಕಹಿಯನ್ನು ಆರಿಸಿ, ದಾರ ಕಟ್ಟಿ, ಕಾದು, ಊರಿಗೆಲ್ಲ ಹಂಚಿದ್ದು ದುಂಬಿಯಲ್ಲ ಎಂಬುದು ಅವಳಿಗೆ ತಿಳಿದಿತ್ತು. ಗುದ್ದಲಿ ತಂದು ಕಾಡುಹೀರೆಯನ್ನು ಬೇರುಸಹಿತ ಅಗೆದು ತೆಗೆದಳು.

ಸಿಹಿ ಬಳ್ಳಿ ಸಿಕ್ಕಿತು, ಕೊನೆಗೆ ಸಿಕ್ಕಿತು. ಎಲ್ಲಿ ಅಂತೀರಿ? ಪಕ್ಕದವಳ ಪಟ್ಟಿಯಲ್ಲಿ, ನೆಲ ಕೆಟ್ಟಿದೆ ಎಂದು ತಾನೇ ಅಂದಿದ್ದಳಲ್ಲ, ಅಲ್ಲಿ. ಬೆಂಡೆ ಸಾಲಿನ ನಡುವೆ ತಾನಾಗಿ ಹುಟ್ಟಿದ ಬಳ್ಳಿ. ಹಿಂದಿನ ಯಾವುದೋ ವರ್ಷ ಉದುರಿದ ಹಳೆಯ ಬೀಜ ಈಗ ಮೊಳೆತಿರಬೇಕು. ಗಿಡ್ಡ ಕಾಯಿ, ಅದೂ ಸೊಟ್ಟ. ಹುಳ ಕೊರೆದಿತ್ತು, ಅಳಿಲು ಅರ್ಧ ತಿಂದಿತ್ತು. ಹೀರೆಮನೆಯವರು ಕಣ್ಣೆತ್ತಿಯೂ ನೋಡದಂಥ ಬಳ್ಳಿ. ಉಳಿದಿದ್ದ ಒಂದು ಎಳೆಗಾಯಿಯನ್ನು ಕಚ್ಚಿದಳು. ಸಿಹಿ. ನಾಲಗೆ ಕೆಟ್ಟು ಹಾಗನಿಸುತ್ತಿದೆಯೇನೋ ಎಂದು ಬಾಯಿ ತೊಳೆದುಕೊಂಡು ಮತ್ತೆ ಕಚ್ಚಿದಳು. ಸಿಹಿಯೇ.

ಆದರೆ ಬಳ್ಳಿ ಇನ್ನೊಬ್ಬಳದು. ಪಕ್ಕದವಳು ಆಗಲೇ ಕುಡುಗೋಲು ಹಿಡಿದು ಬೆಂಡೆ ಸಾಲು ಕಳೆ ತೆಗೆಯುತ್ತ ಆ ಕಡೆಗೇ ಬರುತ್ತಿದ್ದಳು.

"ಅಕ್ಕ, ಈ ಬಳ್ಳಿ ಕುಯ್ಬ್ಯಾಡ. ಬೀಜಕ್ಕೆ ಬಿಡು."

"ನಮ್ ಪಟ್ಟಿ ನೆಲ ಕೆಟ್ಟೋಗೈತೆ ಅಂದಿದ್ದೆಯಲ್ಲ ತಾಯಿ."

"ಅಂದಿದ್ದೆ. ನೆಲ ಕೆಟ್ಟಿರ್ಲಿಲ್ಲ, ನಾನ್ ಕೊಟ್ಟ ಬೀಜ ಕೆಟ್ಟಿತ್ತು. ಊರೋರ ಬಾಯಿಗೆ ಕಹಿ ಹಾಕ್ದೋಳು ನಾನೇಯ."

ಪಕ್ಕದವಳು ಅವಳ ಊದಿದ ತುಟಿ ನೋಡಿದಳು. ಬಳ್ಳಿಯನ್ನು ಬಿಟ್ಟು ಮುಂದಿನ ಸಾಲಿಗೆ ಹೋದಳು. ಆದರೆ ಆ ವರ್ಷವೆಲ್ಲ ಅವಳನ್ನು ಮಾತಾಡಿಸಲಿಲ್ಲ. ತಪ್ಪಾಯಿತು ಎಂದ ಕೂಡಲೆ ಎಲ್ಲರೂ ನಗುನಗುತ್ತ ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಎಳಸುತನ.

ಅವಳು ಸೆರಗಿನ ಗಂಟು ಬಿಚ್ಚಿ ದಾರವನ್ನು ಆ ಸೊಟ್ಟಕಾಯಿಯ ಬಳ್ಳಿಗೆ ಕಟ್ಟಿದಳು. ಊರವರು ಕಹಿ ಬಳ್ಳಿಗಳನ್ನು ಬೈದುಕೊಂಡು ಕಿತ್ತುಹಾಕುತ್ತಿದ್ದರು, ಕೆಲವರು ಸೋಮಾರಿತನಕ್ಕೆ ಹಾಗೇ ಬಿಟ್ಟಿದ್ದರು. ಅದಕ್ಕೇ ಅವಳು ದುಂಬಿಯನ್ನು ನಂಬಲಿಲ್ಲ. ದಿನವೂ ಹೊತ್ತು ಇಳಿಯುವ ಮುಂಚೆ ಬಂದು, ಅಂದು ಅರಳಲಿರುವ ಗಂಡುಮೊಗ್ಗು ಹೆಣ್ಣುಮೊಗ್ಗು ಎರಡರ ಬಾಯಿಗೂ ನೂಲು ಸುತ್ತುವಳು. ಸಂಜೆಗೆ ಬಿಚ್ಚಿ, ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ತಾಕಿಸಿ, ಮತ್ತೆ ನೂಲು ಸುತ್ತುವಳು. ದುಂಬಿ ಮಾಡುವ ಕೆಲಸವನ್ನು ಹೆಂಗಸು ಮಾಡುತ್ತಿದ್ದಾಳೆ ಎಂದು ತೋಟದಲ್ಲಿ ನಗು. ಅಷ್ಟರಲ್ಲಿ ಜಡಿಮಳೆ ಹಿಡಿಯಿತು. ಕಟ್ಟಿದ ಹೂಗಳೆಲ್ಲ ಕೊಳೆತು ಉದುರಿದವು. ಬಳ್ಳಿಯಲ್ಲಿ ಬಲಿತು ಒಣಗುವವರೆಗೆ ನಿಂತದ್ದು ಒಂದೇ ಕಾಯಿ.

ಆ ಒಂದು ಕಾಯಿಯನ್ನು ಒಲೆಯ ಮೇಲೆ ತೂಗುಹಾಕಿದಳು. ರೋಹಿಣಿ ಮಳೆ ಬಂತು. ಜಗಲಿ ಗುಡಿಸಿ, ಸಾರಿಸಿ, ಬಾಗಿಲಲ್ಲಿ ಕೂತಳು. ಯಾರೂ ಬರಲಿಲ್ಲ. ಊರವರು ಪೇಟೆಯಿಂದ ಬೀಜದ ಪೊಟ್ಟಣ ತಂದುಕೊಂಡಿದ್ದರು. ಅವರದೇನೂ ತಪ್ಪಿಲ್ಲ, ಮನೆಯವರಿಗೆ ಉಣ್ಣಲು ಹಾಕಬೇಕಲ್ಲ. ಬಂದರೂ ಹಂಚುವಷ್ಟು ಬೀಜ ಅವಳಲ್ಲಿ ಇರಲಿಲ್ಲ, ಮುಂದಿನ ವರ್ಷ ಬನ್ನಿ ಎನ್ನುವುದಕ್ಕಾದರೂ ಒಬ್ಬರು ಬರಲಿ ಎಂದು ಕೂತಿದ್ದಳು. ಅಂದು ಅವಳಿಗಾದ ಸಂಕಟ ಹೇಳತೀರದು. ಬಾಗಿಲು ಹಾಕಿಕೊಂಡು ಹೀರೆಮನೆ ಎಂಬ ಹೆಸರನ್ನೇ ಮರೆತುಬಿಡಬಹುದಿತ್ತು. ಗಂಡನೂ ಬಿಟ್ಟುಬಿಡು ಎಂದ. ಅವಳು ಎದ್ದು ಒಣಕಾಯಿ ತೆಗೆದುಕೊಂಡು ಪಟ್ಟಿಗೆ ಹೋಗಿ ಪಾತಿ ಮಾಡಿದಳು.

ಆ ಮುಂಗಾರಿನಲ್ಲಿ ಎದ್ದ ಬಳ್ಳಿಗಳಲ್ಲಿ ಹೆಚ್ಚಿನವು ಸಿಹಿ, ಒಂದೆರಡು ಕಹಿ. ಕಹಿಯಾದವುಗಳಲ್ಲಿ ಒಂದು ಬಳ್ಳಿ ಎಲ್ಲಕ್ಕಿಂತ ಸೊಂಪಾಗಿತ್ತು. ಅದನ್ನೂ ಕಿತ್ತಳು. ಮೊದಲ ಕಾಯಿಯ ಹುಳಿ ಮಾಡಿದ ದಿನ ತಾನು ಮೊದಲು ಉಂಡು, ಸಂಜೆಯವರೆಗೆ ಕಾದು, ಏನೂ ಆಗಲಿಲ್ಲವೆಂದು ಗೊತ್ತಾದ ಮೇಲೆ ಗಂಡನಿಗೆ ಬಡಿಸಿದಳು. ಮರುವರ್ಷ ಮತ್ತೆ ಬಿತ್ತಿದಳು. ಮತ್ತೆ ಮೊಗ್ಗಿಗೆ ನೂಲು, ಮತ್ತೆ ಬಳ್ಳಿಗೊಂದು ಕಾಯಿ ಕಚ್ಚುವುದು. ಈ ಸಲ ಒಂದೂ ಕಹಿ ಇರಲಿಲ್ಲ. ಅಷ್ಟಾದರೂ ಬೀಜ ಕೊಡುತ್ತೇನೆಂದು ಯಾರಿಗೂ ಹೇಳಲಿಲ್ಲ, ಇನ್ನೊಂದು ಹಂಗಾಮು ನೋಡಿದಳು.

ಆ ಹಂಗಾಮಿನಲ್ಲಿ ಅವಳು ಮೀಸಲು ಬಳ್ಳಿ ಆರಿಸುತ್ತ ನಿಂತಿದ್ದಾಗ ಪಕ್ಕದವಳು ಬದು ದಾಟಿ ಬಂದಳು. ಪೇಟೆಯ ಬೀಜದ ಕಾಯಿ ತೊವ್ವೆಗೆ ರುಚಿಸುವುದಿಲ್ಲ, ಮುಂದಿನ ರೋಹಿಣಿಗೆ ತನಗೂ ನಾಲ್ಕು ಬೀಜ ಎತ್ತಿಡು ಎಂದು ಕೇಳಿದಳು. ಹೀರೆಮನೆಯವಳು ಆಗಲಿ ಎನ್ನಲಿಲ್ಲ. ದಾರ ಕಟ್ಟಬೇಕೆಂದಿದ್ದ ಬಳ್ಳಿಯಿಂದ ಒಂದು ಎಳೆಗಾಯಿ ಕಿತ್ತು, ತಾನು ಒಂದು ತುದಿ ಕಚ್ಚಿ, ಉಳಿದದ್ದನ್ನು ಅವಳ ಕೈಗೆ ಕೊಟ್ಟಳು. ಮೀಸಲು ಬಳ್ಳಿಯ ಕಾಯಿ, ಅದೂ ಎಂಜಲು. ಪಕ್ಕದವಳು ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ತಿಂದಳು. ಅದು ಆದ ಮೇಲೆಯೇ ಇಬ್ಬರೂ ಸೇರಿ ದಾರ ಕಟ್ಟಿದರು.

ಆ ಊರಿನಲ್ಲಿ ಈಗಲೂ ಅದೇ ಪದ್ಧತಿ. ಕೊಡುವವರು ಮತ್ತು ಪಡೆಯುವವರು ಇಬ್ಬರೂ ಕಚ್ಚಿ ನೋಡದ ಬಳ್ಳಿಗೆ ಮೀಸಲಿನ ದಾರ ಕಟ್ಟುವುದಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಯೋಚಿಸಿದ. ಅವನ ಮುಖದಲ್ಲಿ ಗೆಲುವು ಕಾಣಿಸಿತು.

"ತಿಳಿಯಿತು ಗುರುಗಳೇ. ಕಣ್ಣು ಮುಚ್ಚಿ ಬಳ್ಳಿ ಕಾದದ್ದು ಹಠ. ಸೋತರೂ ಬಿಡದೆ ಮತ್ತೆ ಮತ್ತೆ ಬಿತ್ತಿದ್ದು ಛಲ. ನಾನೂ ನಾಲ್ಕು ವರ್ಷ ಒಂದು ದಿನವೂ ಬಿಟ್ಟಿಲ್ಲ. ಹಾಗಾದರೆ ನನ್ನದು ಛಲವೇ ಅಲ್ಲವೇ?"

ಗುರುಗಳು ಹೇಳಿದರು:

"ನಾಳೆ ಬೆಳಿಗ್ಗೆ ಬಾಗಿಲಿಗೆ ಬಂದು ನಿನ್ನ ಮೌನವನ್ನು ಉಣ್ಣುವವರಿದ್ದಾರಲ್ಲ, ಅವರನ್ನು ಕೇಳು."